ಜಾಝ್ ಕೇಳಬೇಕೆ? ಬೇಸ್ ನುಡಿಸುವವರ ಹಿಂದೆ ಹೋಗಿ

ಬೋರ್ಡ್ ಇತ್ತು. ಬಾಗಿಲಿಗೆ ಬೀಗವೂ ಇತ್ತು. ಅಮೆರಿಕದ ಕ್ಯಾನ್ಸಸ್ ಸಿಟಿಗೆ ಬಂದ ಮೊದಲ ತಿಂಗಳು ಫೋನಿನಲ್ಲಿ ಹುಡುಕಿ, ಮೊದಲು ಸಿಕ್ಕ ಜಾಝ್ ಕ್ಲಬ್ಬಿಗೆ ಅರ್ಧ ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಹೆಂಡತಿ ರೇಷ್ಮೆ ಕುರ್ತಾ ಹಾಕಿಕೊಂಡಿದ್ದಳು. ಗಾಜಿನ ಬಾಗಿಲಲ್ಲಿ ಇಣುಕಿದರೆ ಒಳಗೆ ತಲೆಕೆಳಗಾಗಿ ಪೇರಿಸಿಟ್ಟ ಕುರ್ಚಿಗಳು, ಅವುಗಳ ಮೇಲೆ ಒಂದು ಪದರ ಧೂಳು. ಆ ಜಾಗ ಮುಚ್ಚಿ ವರ್ಷವೇ ಆಗಿತ್ತಂತೆ. ಅಂತರ್ಜಾಲದಲ್ಲಿ ಮಾತ್ರ ಅದು ಇನ್ನೂ ‘ನಗರದ ಹತ್ತು ಶ್ರೇಷ್ಠ ಜಾಝ್ ತಾಣ’ಗಳಲ್ಲಿ ಒಂದಾಗಿತ್ತು.

ಅವತ್ತು ಪೀಟ್ಸಾ ತಿಂದು ವಾಪಸ್ ಬಂದೆವು. ಆಮೇಲಿನ ವರ್ಷಗಳಲ್ಲಿ ಈ ಊರಿನಲ್ಲಿ ಕೇಳಿದ ಜಾಝ್‌ಗೆ ಲೆಕ್ಕವಿಲ್ಲ. ಕೆಲಸಕ್ಕೆಂದು ಇಂಥ ಊರುಗಳಿಗೆ ಹೊಸದಾಗಿ ಬಂದ ಕನ್ನಡದವರು ಆಗಾಗ ಕೇಳುತ್ತಾರೆ: ‘ಇಲ್ಲಿ ಜಾಝ್ ಎಲ್ಲಿ ಸಿಗುತ್ತೆ?’ ಅವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಕ್ಯಾನ್ಸಸ್ ಸಿಟಿಯವು. ಪಿಟ್ಸ್‌ಬರ್ಗ್, ಇಂಡಿಯಾನಾಪೊಲಿಸ್‌ನಂಥ ಊರುಗಳಲ್ಲೂ ಹುಡುಕುವ ದಾರಿ ಹೆಚ್ಚುಕಮ್ಮಿ ಇದೇ.

ಇದು ದೊಡ್ಡ ಊರಲ್ಲ. 2020ರ ಜನಗಣತಿಯಲ್ಲಿ ನಗರದ ಮಿತಿಯೊಳಗೆ ಸುಮಾರು 5 ಲಕ್ಷ ಜನ. ಮಿಸೌರಿ ಮತ್ತು ಕ್ಯಾನ್ಸಸ್ ಎಂಬ ಎರಡು ರಾಜ್ಯಗಳ ಗಡಿಯ ಮೇಲೆ ಕೂತ ಊರು. ನಮ್ಮಂಥ ಸಾಫ್ಟ್‌ವೇರಿನವರು ಜಾಸ್ತಿ ಇರುವುದು ಓವರ್‌ಲ್ಯಾಂಡ್ ಪಾರ್ಕ್, ಒಲೇಥಾ ಕಡೆ, ಅಂದರೆ ಕ್ಯಾನ್ಸಸ್ ಭಾಗದಲ್ಲಿ. ಜಾಝ್ ಜಾಸ್ತಿ ಇರುವುದು ಮಿಸೌರಿ ಭಾಗದ ಹಳೇ ಊರಿನಲ್ಲಿ. ಹಾಗಾಗಿ ಕಾರು ತೆಗೆಯಲೇಬೇಕು.

ಮೊದಲು ವಾರ ನೋಡಿ, ಆಮೇಲೆ ನಕ್ಷೆ

ನ್ಯೂಯಾರ್ಕಿನಲ್ಲಿ ಯಾವ ರಾತ್ರಿ ಹೊರಟರೂ ಜಾಝ್ ಸಿಗುತ್ತದೆ. ಮಧ್ಯಮ ಗಾತ್ರದ ಊರಿನಲ್ಲಿ ಹಾಗಲ್ಲ. ಇಲ್ಲಿ ಜಾಝ್‌ಗೆಂದೇ ಇರುವ ಜಾಗಗಳು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು. ಮಿಕ್ಕದ್ದೆಲ್ಲ ಬೇರೆ ಕೆಲಸದ ಜಾಗಗಳಲ್ಲಿ ನಡೆಯುತ್ತದೆ: ಹೋಟೆಲಿನ ಲಾಬಿ, ಊಟದ ಮನೆಯ ನೆಲಮಾಳಿಗೆ, ಬಿಯರ್ ತಯಾರಿಸುವ ಜಾಗ, ಕಾಫಿ ಅಂಗಡಿ, ಚರ್ಚು, ಲೈಬ್ರರಿ. ಅದೂ ವಾರದಲ್ಲಿ ಒಂದೇ ದಿನ. ಮಂಗಳವಾರ ಇದ್ದದ್ದು ಬುಧವಾರ ಇರುವುದಿಲ್ಲ.

ಆದ್ದರಿಂದ ‘ಎಲ್ಲಿ’ ಎಂದು ಕೇಳುವ ಮೊದಲು ‘ವಾರದ ಯಾವ ದಿನ’ ಎಂದು ಕೇಳಿ. ಒಂದು ಕಾಗದದಲ್ಲಿ ಏಳು ಸಾಲು ಬರೆದುಕೊಳ್ಳಿ, ಸೋಮವಾರದಿಂದ ಭಾನುವಾರದವರೆಗೆ. ಸಿಕ್ಕ ಮಾಹಿತಿಯನ್ನೆಲ್ಲ ಆಯಾ ವಾರದ ಎದುರು ತುಂಬುತ್ತಾ ಹೋಗಿ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಥ ಕಾಗದ ಇನ್ನೂ ಇದೆ. ಎಷ್ಟು ಸಲ ಹೊಡೆದುಹಾಕಿ ತಿದ್ದಿದ್ದೇನೆ ಅಂದರೆ ಈಗ ಅದನ್ನು ನಾನೊಬ್ಬನೇ ಓದಬಲ್ಲೆ.

ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಶುಕ್ರವಾರ, ಶನಿವಾರ ಜನ ಜಾಸ್ತಿ, ಗಲಾಟೆಯೂ ಜಾಸ್ತಿ. ಒಳ್ಳೆಯ ವಾದಕರು ಎಷ್ಟೋ ಸಲ ಆ ಎರಡು ರಾತ್ರಿ ಮದುವೆ ಪಾರ್ಟಿಗಳಲ್ಲಿ ದುಡಿಯುತ್ತಿರುತ್ತಾರೆ, ಬಾಡಿಗೆ ಕಟ್ಟಬೇಕಲ್ಲ. ಅವರು ತಮಗಾಗಿ ನುಡಿಸುವುದು ಸೋಮವಾರ, ಮಂಗಳವಾರ. ಕೇಳುವ ಆಸೆ ನಿಜಕ್ಕೂ ಇದ್ದರೆ ವಾರದ ಮಧ್ಯೆ ಹೋಗಿ.

ಪಟ್ಟಿಯ ತಾರೀಖು ನೋಡಿ

‘ಹತ್ತು ಶ್ರೇಷ್ಠ’ ಪಟ್ಟಿಗಳನ್ನು ನಂಬಬೇಡಿ. ಅವನ್ನು ಬರೆದವರು ಅಲ್ಲಿಗೆ ಹೋಗಿರುವುದೇ ಅನುಮಾನ. ಒಂದು ಪಟ್ಟಿಯಿಂದ ಇನ್ನೊಂದು, ಅದರಿಂದ ಮತ್ತೊಂದು ನಕಲಾಗುತ್ತಾ ಸತ್ತ ಕ್ಲಬ್ಬುಗಳು ಜೀವಂತವಾಗಿ ಓಡಾಡುತ್ತಿರುತ್ತವೆ.

ನಾನು ಮಾಡುವುದು ಇಷ್ಟು. ಜಾಗದ ಹೆಸರು ಸಿಕ್ಕ ಮೇಲೆ ಅವರದೇ ಪುಟದಲ್ಲಿ ಕ್ಯಾಲೆಂಡರ್ ಹುಡುಕುತ್ತೇನೆ. ಈ ವಾರದ ತಾರೀಖು, ನುಡಿಸುವವರ ಹೆಸರು ಎರಡೂ ಇದ್ದರೆ ಸರಿ. ‘ಲೈವ್ ಮ್ಯೂಸಿಕ್’ ಎಂದು ಮಾತ್ರ ಇದ್ದರೆ ಅನುಮಾನ. ಅದು ಗಿಟಾರ್ ಹಿಡಿದು ಹಳೇ ಪಾಪ್ ಹಾಡು ಹೇಳುವ ಒಬ್ಬರೇ ಒಬ್ಬರಿರಬಹುದು. ತಪ್ಪೇನಿಲ್ಲ, ಆದರೆ ನೀವು ಹೊರಟಿದ್ದು ಅದಕ್ಕಲ್ಲ. ಕೊನೆಗೆ ಸಂಜೆ ನಾಲ್ಕರ ಮೇಲೆ ಒಂದು ಫೋನ್. ‘ಇವತ್ತು ಬ್ಯಾಂಡ್ ಇದೆಯಾ? ಎಷ್ಟು ಗಂಟೆಗೆ? ಯಾರು ನುಡಿಸುತ್ತಾರೆ?’ ಮೂರು ಪ್ರಶ್ನೆ ಸಾಕು. ಮೂರನೆಯದಕ್ಕೆ ಫೋನ್ ಎತ್ತಿದವರು ತಟ್ಟನೆ ಹೆಸರು ಹೇಳಿದರೆ ಒಳ್ಳೇ ಲಕ್ಷಣ. ಆ ಜಾಗದವರಿಗೆ ಸಂಗೀತದ ಬಗ್ಗೆ ಕಾಳಜಿ ಇದೆ ಎಂದರ್ಥ.

ಊರಿನ ಸಮುದಾಯ ರೇಡಿಯೊ ಕೇಳಿ. ಇಲ್ಲಿ 90.1ರಲ್ಲಿ ಕೆಕೆಎಫ್‌ಐ ಎಂಬ ಸ್ವಯಂಸೇವಕರ ರೇಡಿಯೊ ಇದೆ, ಜಾಝ್ ಕಾರ್ಯಕ್ರಮಗಳೂ ಬರುತ್ತವೆ. ಇಂಥ ಕಡೆ ಹಾಡುಗಳ ನಡುವೆ ‘ನಾಳೆ ಇಂಥವರು ಇಂಥಲ್ಲಿ’ ಎಂದು ಹೇಳುತ್ತಾರಲ್ಲ, ಆ ಅರ್ಧ ನಿಮಿಷದ ಮಾತಿಗೆ ಯಾವ ಪಟ್ಟಿಯೂ ಸಮವಲ್ಲ. ಜಾಝ್ ಪ್ರಿಯರ ಸಂಘವೂ ಬಹಳ ಊರುಗಳಲ್ಲಿ ಇರುತ್ತದೆ. ಇಲ್ಲಿನ ಸಂಘದ ಹೆಸರು ಕ್ಯಾನ್ಸಸ್ ಸಿಟಿ ಜಾಝ್ ಅಂಬಾಸಿಡರ್ಸ್. ‘ಜಾಮ್’ ಎಂಬ ಪತ್ರಿಕೆ ಅವರದೇ.

ಹಳೇ ಬೀದಿಯಿಂದ ಶುರು ಮಾಡಿ

ಜಾಝ್ ಚರಿತ್ರೆ ಇರುವ ಊರಾದರೆ ಮೊದಲ ಹಗಲು ಅಲ್ಲಿಗೇ ಹೋಗಿ. ಇಲ್ಲಿ ಅದು 18ನೇ ಬೀದಿ ಮತ್ತು ವೈನ್ ಬೀದಿ ಸೇರುವ ಜಾಗ. ‘ಎಯ್ಟೀನ್ತ್ ಅಂಡ್ ವೈನ್’ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ವರ್ಣಭೇದದ ಕಾಲದಲ್ಲಿ ಕರಿಯ ಜನರ ಅಂಗಡಿ, ಹೋಟೆಲು, ಸಿನಿಮಾ ಮಂದಿರ, ಕ್ಲಬ್ಬು ಎಲ್ಲ ಇಲ್ಲಿಯೇ ಇದ್ದವು.

ಈ ಊರಿಗೇ ಯಾಕೆ ಇಷ್ಟು ಜಾಝ್ ಅಂಟಿಕೊಂಡಿತು? ಕಾರಣ ಸ್ವಲ್ಪ ತಮಾಷೆಯದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಇಲ್ಲಿ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿ ಇದ್ದ. ಅವನ ಕೃಪೆಯಿಂದ ನಿಷೇಧ ಕಾಗದದ ಮೇಲೆ ಮಾತ್ರ ಉಳಿಯಿತು. ಕ್ಲಬ್ಬುಗಳು ರಾತ್ರಿಯಿಡೀ ತೆರೆದಿದ್ದವು, ಎಲ್ಲ ಕಡೆ ಬ್ಯಾಂಡ್ ಬೇಕಿತ್ತು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ಒದ್ದಾಡುವಾಗ ವಾದಕರಿಗೆ ಇಲ್ಲಿ ಕೆಲಸ ಸಿಕ್ಕಿತು. ಹೆಸರಾಂತ ಪಿಯಾನೊ ವಾದಕ ಕೌಂಟ್ ಬೇಸಿ ತಮ್ಮ ಬ್ಯಾಂಡ್ ಕಟ್ಟಿದ್ದು 12ನೇ ಬೀದಿಯ ರೀನೋ ಕ್ಲಬ್ಬಿನಲ್ಲಿ. 1939ರಲ್ಲಿ ಪೆಂಡರ್‌ಗಾಸ್ಟ್ ತೆರಿಗೆ ವಂಚನೆಗೆ ಜೈಲಿಗೆ ಹೋದ. ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದವು. ಕೆಟ್ಟ ರಾಜಕಾರಣಿಯಿಂದ ಒಳ್ಳೇ ಸಂಗೀತ. ಏನು ಹೇಳುವುದು?

18ನೇ ಬೀದಿಯಲ್ಲಿ 1997ರಲ್ಲಿ ತೆರೆದ ಅಮೆರಿಕನ್ ಜಾಝ್ ಮ್ಯೂಸಿಯಂ ಇದೆ. ಅದೇ ಕಟ್ಟಡದಲ್ಲಿ ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಕೂಡ ಇದೆ. ಮಕ್ಕಳಿದ್ದರೆ ಎರಡನ್ನೂ ನೋಡಿ. ಜಾಝ್ ಮ್ಯೂಸಿಯಂನಲ್ಲಿ ನನಗೆ ಇಷ್ಟದ ವಸ್ತು ಒಂದು ಪ್ಲಾಸ್ಟಿಕ್ ಸ್ಯಾಕ್ಸೊಫೋನ್. ಹೌದು, ಪ್ಲಾಸ್ಟಿಕ್. ಗ್ರಾಫ್ಟನ್ ಕಂಪನಿಯ ಕೆನೆ ಬಣ್ಣದ ಆಲ್ಟೊ, ಅಂದರೆ ಸ್ಯಾಕ್ಸೊಫೋನಿನ ಒಂದು ಬಗೆ. 1953ರಲ್ಲಿ ಟೊರಾಂಟೊದ ಮಾಸಿ ಹಾಲ್‌ನಲ್ಲಿ ಈ ಊರಿನ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸಿದ್ದು ಅದನ್ನೇ. 1994ರ ಹರಾಜಿನಲ್ಲಿ ನಗರವೇ ಅದನ್ನು ಕೊಂಡುಕೊಂಡಿತು. ಪಾರ್ಕರ್ ಹುಟ್ಟಿದ್ದು 1920ರ ಆಗಸ್ಟ್ 29ರಂದು, ನದಿಯಾಚೆಯ ಕ್ಯಾನ್ಸಸ್ ಭಾಗದಲ್ಲಿ. ಬೆಳೆದದ್ದು ಈಚೆ. ತೀರಿಕೊಂಡಾಗ ಅವರಿಗಿನ್ನೂ 34. ಲಿಂಕನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಕೆತ್ತಿರುವುದು ಮಾತ್ರ ಟೆನರ್, ಅಂದರೆ ಆಲ್ಟೊಗಿಂತ ದೊಡ್ಡದಾದ, ತಗ್ಗಿನ ಸ್ವರದ ಸ್ಯಾಕ್ಸೊಫೋನ್. ಆಲ್ಟೊ ನುಡಿಸಿ ಜಗತ್ತನ್ನೇ ಬದಲಿಸಿದವರಿಗೆ ಟೆನರ್! ವೀಣೆ ಶೇಷಣ್ಣನವರ ಹೆಸರಿನ ಕೆಳಗೆ ಸಿತಾರ್ ಕೆತ್ತಿದ ಹಾಗೆ.

ಮ್ಯೂಸಿಯಂನಲ್ಲೇ ‘ಬ್ಲೂ ರೂಮ್’ ಎಂಬ ಕ್ಲಬ್ ಇದೆ. ಹಗಲು ಅದು ಪ್ರದರ್ಶನದ ಒಂದು ಭಾಗ, ರಾತ್ರಿ ಬ್ಯಾಂಡ್. ಟಿಕೆಟ್ ಕೊಡುವವರನ್ನು ‘ಈ ವಾರ ಯಾರನ್ನು ಕೇಳಬೇಕು?’ ಎಂದು ಕೇಳಿ. ನನ್ನ ಫ್ರಿಜ್ಜಿನ ಕಾಗದದ ಮೊದಲ ನಾಲ್ಕು ಹೆಸರು ಬಂದದ್ದು ಹಾಗೆಯೇ.

ಜಾಮ್ ರಾತ್ರಿ ಹುಡುಕಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ. ಊರಿನ ಜಾಮ್ ರಾತ್ರಿ ಯಾವುದು ಎಂದು ಪತ್ತೆ ಮಾಡಿ.

ಜಾಮ್ ಅಂದರೆ ಇಷ್ಟೇ. ಒಂದು ಹೌಸ್ ಬ್ಯಾಂಡ್, ಅಂದರೆ ಆ ಜಾಗದ್ದೇ ಬ್ಯಾಂಡ್ ಇರುತ್ತದೆ: ಪಿಯಾನೊ, ಬೇಸ್ (ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ), ಡ್ರಮ್ಸ್. ಮೊದಲ ಸೆಟ್, ಅಂದರೆ ಬಿಡುವಿನವರೆಗಿನ ಮೊದಲ ಸುತ್ತು, ಅವರು ನುಡಿಸುತ್ತಾರೆ. ಆಮೇಲೆ ಊರಿನ ಯಾವ ವಾದಕರು ಬೇಕಾದರೂ ಹೆಸರು ಬರೆಸಿ ಮೇಲೆ ಹೋಗಿ ಸೇರಿಕೊಳ್ಳಬಹುದು. ಎಪ್ಪತ್ತು ದಾಟಿದ ತಾತ, ಹದಿನೆಂಟರ ಕಾಲೇಜು ಹುಡುಗಿ, ಹಗಲು ವಕೀಲಿ ಮಾಡುವ ಟ್ರಂಪೆಟ್ ವಾದಕ ಎಲ್ಲರೂ ಒಂದೇ ಹಾಡಿನಲ್ಲಿ. ತಾಲೀಮು ಇಲ್ಲ. ಹಾಡಿನ ಹೆಸರು, ಶ್ರುತಿ, ಕಾಲ ಮೂರನ್ನೂ ಪಿಸುಗುಟ್ಟಿ ‘ಒಂದು, ಎರಡು’ ಎಂದರೆ ಶುರು.

ಬ್ಲೂ ರೂಮಿನ ಸೋಮವಾರದ ಜಾಮ್ ಬಹಳ ವರ್ಷಗಳಿಂದ ಹೆಸರುವಾಸಿ. ಹೊರಡುವ ಮುಂಚೆ ಆ ವಾರ ಇದೆಯೇ ನೋಡಿಕೊಳ್ಳಿ, ಅಷ್ಟೇ.

ಸಂಗೀತ ಎಲ್ಲ ಸಲ ಚೆನ್ನಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವು ಸಲ ಒಬ್ಬರು ಮೈಕ್ ಬಿಡದೆ ಹತ್ತು ನಿಮಿಷ ಊದುತ್ತಾರೆ. ಹಾಗಿದ್ದರೂ ಜಾಮ್‌ಗೆ ಹೋಗಿ ಅನ್ನುವುದಕ್ಕೆ ಬೇರೆ ಕಾರಣ ಇದೆ. ಊರಿನ ವಾದಕರೆಲ್ಲ ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲಿ ಮಾತ್ರ. ಮಿಕ್ಕ ಆರು ರಾತ್ರಿ ಅವರು ಎಲ್ಲೆಲ್ಲಿ ನುಡಿಸುತ್ತಾರೋ ಅವೇ ನೀವು ಹುಡುಕುತ್ತಿರುವ ಜಾಗಗಳು.

ಮೈಸೂರಿನಲ್ಲಿ ನಾವು ಕಛೇರಿ ಹುಡುಕುತ್ತಿದ್ದದ್ದೂ ಹೀಗೆ ತಾನೆ? 8ನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಪಕ್ಕದಲ್ಲಿ ಕೂತ ಯಜಮಾನರು ‘ನಾಳಿದ್ದು ಇವರದೇ ರಾಮಮಂದಿರದಲ್ಲಿದೆ ಕಣಪ್ಪಾ, ಬಂದ್ಬಿಡು’ ಅನ್ನುತ್ತಿದ್ದರು. ಯಾರೂ ಫೋನ್ ನೋಡಿ ಕಛೇರಿಗೆ ಹೋಗುತ್ತಿರಲಿಲ್ಲ.

ಬೇಸ್ ನುಡಿಸುವವರು ಎಲ್ಲಿದ್ದಾರೆ?

ಜಾಮ್‌ನಲ್ಲಿ ಎಲ್ಲರ ಕಣ್ಣು ಸ್ಯಾಕ್ಸೊಫೋನಿನ ಮೇಲೆ ಇರುತ್ತದೆ. ನೀವು ಹಿಂದೆ ನಿಂತವರನ್ನು ನೋಡಿ. ಆಳೆತ್ತರದ ಬೇಸ್ ಅಪ್ಪಿಕೊಂಡು ನಿಂತವರು, ಡ್ರಮ್ಸ್ ಹಿಂದೆ ಕೂತವರು. ಅವರ ಹೆಸರು ಬರೆದುಕೊಳ್ಳಿ.

ಕಾರಣ ಸರಳ. ಇಂಥ ಊರಿನಲ್ಲಿ ಊದುವವರು, ಹಾಡುವವರು ಬೇಕಾದಷ್ಟು. ಒಳ್ಳೇ ಬೇಸ್ ನುಡಿಸುವವರು ಕಡಿಮೆ. ಹಾಗಾಗಿ ಅವರು ಎಲ್ಲ ಬ್ಯಾಂಡಿಗೂ ಬೇಕು. ಸ್ಯಾಕ್ಸೊಫೋನಿನವರು ವಾರಕ್ಕೊಂದು ಕಡೆ ನುಡಿಸಿದರೆ ಬೇಸಿನವರು ನಾಲ್ಕೈದು ಕಡೆ ಇರುತ್ತಾರೆ. ನಮ್ಮಲ್ಲಿ ಒಳ್ಳೇ ಮೃದಂಗದವರ ಡೈರಿ ನೋಡಿದರೆ ಆ ಸೀಸನ್ನಿನ ಅರ್ಧ ಕಛೇರಿಗಳ ಪಟ್ಟಿ ಸಿಕ್ಕಿಬಿಡುತ್ತದಲ್ಲ, ಹಾಗೆ. ಅವರ ಸಾಮಾಜಿಕ ಜಾಲತಾಣದ ಪುಟದಲ್ಲಿ ಬಹಳ ಸಲ ‘ಈ ವಾರ’ ಎಂದು ಪಟ್ಟಿ ಹಾಕಿರುತ್ತಾರೆ. ಮೂವರು ಬೇಸಿನವರು, ಇಬ್ಬರು ಡ್ರಮ್ಸಿನವರನ್ನು ಫಾಲೋ ಮಾಡಿ. ಒಂದು ತಿಂಗಳಲ್ಲಿ ಏಳೂ ಸಾಲು ತುಂಬುತ್ತದೆ.

ಇನ್ನೊಂದು ಲಾಭ. ಒಳ್ಳೇ ಬೇಸಿನವರು ಕೆಟ್ಟ ಬ್ಯಾಂಡಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಜಾಗ ಹೊಸದು, ಹೆಸರು ಕೇಳಿಲ್ಲ, ಆದರೆ ನಿಮಗೆ ಗೊತ್ತಿರುವ ಬೇಸಿನವರು ಅಲ್ಲಿದ್ದಾರೆ ಎಂದರೆ ಧೈರ್ಯವಾಗಿ ಹೋಗಿ.

ಸೆಟ್ಟುಗಳ ನಡುವೆ ಹದಿನೈದು, ಇಪ್ಪತ್ತು ನಿಮಿಷ ಬಿಡುವು ಇರುತ್ತದೆ. ಹೋಗಿ ಮಾತಾಡಿಸಿ, ಸಂಕೋಚ ಬೇಡ. ‘ತುಂಬಾ ಚೆನ್ನಾಗಿತ್ತು, ಮುಂದೆ ಎಲ್ಲಿ ನುಡಿಸುತ್ತೀರಿ?’ ಎಂದರೆ ಮುಖ ಅರಳುತ್ತದೆ. ನಾನು ಮೊದಲ ಸಲ ಮಾತಾಡಿಸಿದ ಡ್ರಮ್ಸಿನವರಿಗೆ ನಾನು ಕರ್ನಾಟಕದವನು ಎಂದು ತಿಳಿದದ್ದೇ ತಡ, ಬಾಯಲ್ಲೇ ತಾಳದ ಸೊಲ್ಲು ಹೇಳುವ ನಮ್ಮ ಕೊನ್ನಕೋಲ್ ಬಗ್ಗೆ ಕೇಳಲು ಶುರು ಮಾಡಿದರು. ಅವರಿಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಗೊತ್ತಿತ್ತು. ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಮಾಡಿದ ‘ಜ್ಯೋತಿ’ ಧ್ವನಿಮುದ್ರಿಕೆಯೂ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ! ಮನೆಗೆ ಬಂದು ನಾಚಿಕೆಯಿಂದ ಹುಡುಕಿ ಕೇಳಿದೆ.

ಇಂಥ ಮಾತುಕತೆಗೆ ನಮ್ಮ ಕಡೆಯಿಂದ ಇನ್ನೆರಡು ಹೆಸರು ಇಟ್ಟುಕೊಂಡಿರಿ. ಒಂದು ಕದ್ರಿ ಗೋಪಾಲನಾಥ್. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಮಂಗಳೂರು ಕಡೆಯವರು. ಇನ್ನೊಂದು ರುದ್ರೇಶ್ ಮಹಂತಪ್ಪ. ಕರ್ನಾಟಕ ಮೂಲದ ಕುಟುಂಬದವರು, ಅಮೆರಿಕದಲ್ಲಿ ಬೆಳೆದವರು, ಆಲ್ಟೊ ವಾದಕರು. ಇಬ್ಬರೂ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಮಾಡಿದರು. ರುದ್ರೇಶ್ ಅವರ 2015ರ ‘ಬರ್ಡ್ ಕಾಲ್ಸ್’ ಇದೇ ಊರಿನ ಚಾರ್ಲಿ ಪಾರ್ಕರ್‌ಗೆ ಸಲ್ಲಿಸಿದ ಗೌರವ. ಪಾರ್ಕರ್ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬರ್ಡ್’ ಎಂದೇ. ಈ ಎರಡು ಹೆಸರು ಹೇಳಿ ನೋಡಿ, ಬಿಡುವು ಮುಗಿದರೂ ಮಾತು ಮುಗಿಯುವುದಿಲ್ಲ.

ದಿನವೂ ನಡೆಯುವ ಜಾಗ ಒಂದಿರಲಿ

ನೆಂಟರು ಬಂದಾಗ ಫೋನ್ ಮಾಡಿ ವಿಚಾರಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ವಾರವಿಡೀ ಸಂಗೀತ ಇರುವ ಒಂದು ಜಾಗ ಗೊತ್ತಿರಬೇಕು. ಇಲ್ಲಿ ಅದು ಗ್ರ್ಯಾಂಡ್ ಬೀದಿಯ ಗ್ರೀನ್ ಲೇಡಿ ಲೌಂಜ್. ಹೆಸರು ಗ್ರೀನ್, ಒಳಗೆಲ್ಲ ಕೆಂಪು. ಹ್ಯಾಮಂಡ್ ಆರ್ಗನ್, ಗಿಟಾರ್, ಡ್ರಮ್ಸ್ ಸೇರಿದ ಆರ್ಗನ್ ಟ್ರಿಯೊ ಕೇಳಲು ಒಳ್ಳೇ ಜಾಗ. ಆರ್ಗನ್ ಟ್ರಿಯೊದಲ್ಲಿ ಬೇಸ್ ಇರುವುದಿಲ್ಲ, ಆರ್ಗನ್ನಿನವರು ಎಡಗೈ ಮತ್ತು ಕಾಲಿನಲ್ಲೇ ಆ ಕೆಲಸ ಮಾಡುತ್ತಾರೆ. ಅವರ ಪಾದ ಕಾಣುವ ಕಡೆ ಕೂತುಕೊಳ್ಳಿ. ಮೇನ್ ಬೀದಿಯಲ್ಲಿ ಓಡುವ ಸ್ಟ್ರೀಟ್‌ಕಾರ್ 2016ರಲ್ಲಿ ಶುರುವಾದಾಗಿನಿಂದ ಉಚಿತ. ಅಲ್ಲಿಂದ ಗ್ರೀನ್ ಲೇಡಿಗೆ ಎರಡೇ ಬ್ಲಾಕ್ ನಡಿಗೆ. ಕಾರನ್ನು ದೂರ ನಿಲ್ಲಿಸಿ ಇದರಲ್ಲಿ ಬಂದರೆ ಪಾರ್ಕಿಂಗಿನ ರಗಳೆ ಇಲ್ಲ.

ಊಟದ ಜತೆ ಬೇಕೆನ್ನುವವರಿಗೆ ಡೌನ್‌ಟೌನಿನ ಮೆಜೆಸ್ಟಿಕ್ ಇದೆ. ನೆಲಮಾಳಿಗೆಯಲ್ಲಿ ಜಾಝ್. ಆದರೆ ಅದು ಸ್ಟೇಕ್ ಹೌಸ್, ಸಸ್ಯಾಹಾರಿಗಳು ಮೆನು ನೋಡಿ ನಿಟ್ಟುಸಿರು ಬಿಡಬೇಕಾಗುತ್ತದೆ. ಹೊರಗಿನಿಂದ ಬರುವ ದೊಡ್ಡ ಹೆಸರುಗಳನ್ನು ಕೇಳಲು 1900ರಲ್ಲಿ ತೆರೆದ ಫಾಲಿ ಥಿಯೇಟರಿನ ಜಾಝ್ ಸರಣಿ ಇದೆ. ಟಿಕೆಟ್ ಮುಂಚೆಯೇ ಕೊಳ್ಳಬೇಕು.

ವಿಶ್ವವಿದ್ಯಾಲಯಗಳನ್ನು ಮರೆಯಬೇಡಿ. ಸಂಗೀತ ವಿಭಾಗ ಇರುವ ಕಡೆ ವಿದ್ಯಾರ್ಥಿಗಳ ಜಾಝ್ ಬ್ಯಾಂಡ್ ಇದ್ದೇ ಇರುತ್ತದೆ, ಸೆಮಿಸ್ಟರ್ ಕೊನೆಗೆ ಅವರ ಕಛೇರಿಗಳು ಎಷ್ಟೋ ಸಲ ಉಚಿತ. ಇಲ್ಲಿ ಯುಎಂಕೆಸಿ (ಮಿಸೌರಿ ವಿಶ್ವವಿದ್ಯಾಲಯ, ಕ್ಯಾನ್ಸಸ್ ಸಿಟಿ) ಕನ್ಸರ್ವೇಟರಿ, ಅಂದರೆ ಸಂಗೀತ ಶಾಲೆ ಇದೆ. ಬಾಬಿ ವಾಟ್ಸನ್‌ರಂಥ ದೊಡ್ಡ ಸ್ಯಾಕ್ಸೊಫೋನ್ ವಾದಕರು ಬಹಳ ವರ್ಷ ಅಲ್ಲಿ ಜಾಝ್ ವಿಭಾಗ ನಡೆಸಿದರು.

ದುಡ್ಡು, ಗುರುತಿನ ಚೀಟಿ, ಹೊಟ್ಟೆ

ಬಾಗಿಲಲ್ಲಿ ಕೇಳುವ ದುಡ್ಡಿಗೆ ಕವರ್ ಅನ್ನುತ್ತಾರೆ. ಇಂಥ ಊರುಗಳಲ್ಲಿ ಸಾಮಾನ್ಯವಾಗಿ 5ರಿಂದ 20 ಡಾಲರ್, ಕೆಲವು ಕಡೆ ಇಲ್ಲವೇ ಇಲ್ಲ. ಕವರ್ ಇಲ್ಲದ ಕಡೆ ವಾದಕರ ಮುಂದೆ ಒಂದು ಡಬ್ಬಿ ಇರುತ್ತದೆ. ಅದಕ್ಕೆ ಹಾಕಬೇಕು. ಒಬ್ಬರಿಗೆ ಒಂದು ಸೆಟ್ಟಿಗೆ 5 ಡಾಲರ್ ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಅದಕ್ಕೇ ಜೇಬಿನಲ್ಲಿ ಸ್ವಲ್ಪ ನೋಟು ಇರಲಿ. ಬಡಿಸುವವರ ಟಿಪ್ಸ್ ಬೇರೆ, ಡಬ್ಬಿ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ನಾನು ಮೊದಲ ಆರು ತಿಂಗಳು ಡಬ್ಬಿಗೆ ಏನೂ ಹಾಕಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ನೆನಪಾದಾಗ ಮಾತ್ರ ಕಿವಿ ಬಿಸಿಯಾಗುತ್ತದೆ.

ಕುಡಿಯದವರು ಹೋಗಬಹುದೇ ಎಂದು ಬಹಳ ಜನ ಕೇಳುತ್ತಾರೆ. ಧಾರಾಳವಾಗಿ. ಸೋಡಾ ಮತ್ತು ನಿಂಬೆ, ಅಥವಾ ಜಿಂಜರ್ ಏಲ್ ಕೇಳಿ, ಹೆಸರಿನಲ್ಲಿ ಏಲ್ ಇದ್ದರೂ ಅದರಲ್ಲಿ ಮದ್ಯ ಇಲ್ಲ. ಏನನ್ನೂ ತೆಗೆದುಕೊಳ್ಳದೆ ಎರಡು ಗಂಟೆ ಮೇಜು ಹಿಡಿದು ಕೂರುವುದು ಮಾತ್ರ ಸರಿಯಲ್ಲ. ಕೆಲವು ಕಡೆ ತಲೆಗೆ ಎರಡು ಡ್ರಿಂಕ್ಸ್ ಕಡ್ಡಾಯ ಎಂದು ಬರೆದಿರುತ್ತದೆ, ಸೋಡಾವೂ ಆ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಊಟ ಮನೆಯಲ್ಲೇ ಮುಗಿಸಿ. ಚಿತ್ರಾನ್ನ ತಿಂದು ಹೋದರೆ ಫ್ರೆಂಚ್ ಫ್ರೈಸ್ ತಿಂದು ರಾತ್ರಿ ಕಳೆಯುವುದು ತಪ್ಪುತ್ತದೆ.

ಡ್ರೈವಿಂಗ್ ಲೈಸೆನ್ಸ್ ಅಥವಾ ಪಾಸ್‌ಪೋರ್ಟ್ ಜತೆಗಿರಲಿ. ನಿಮ್ಮ ತಲೆ ಪೂರ್ತಿ ನರೆತಿದ್ದರೂ 21 ಆಗಿದೆಯೇ ಎಂದು ನೋಡುವ ಜಾಗಗಳಿವೆ.

ಒಳಗೆ ಕೂತ ಮೇಲೆ

ಎರಡು ಬಗೆಯ ಜಾಗಗಳಿವೆ. ಒಂದರಲ್ಲಿ ಮಾತಾಡಬಹುದು, ಸಂಗೀತ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಇನ್ನೊಂದರಲ್ಲಿ ಪಿಸುಗುಟ್ಟಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ಯಾವುದು ಯಾವುದು ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ನಮಗೆ ಕಷ್ಟವಿಲ್ಲ. ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿ ನುಡಿಸುತ್ತಾರೆ, ಅದಕ್ಕೆ ‘ಹೆಡ್’ ಅನ್ನುತ್ತಾರೆ. ಬಹಳ ಹಾಡುಗಳಲ್ಲಿ ಅದು 32 ಬಾರ್ (ಬಾರ್ ಅಂದರೆ ಕೆಲವೇ ಎಣಿಕೆಗಳ ಒಂದು ಸಣ್ಣ ಅಳತೆ), ಬ್ಲೂಸ್ ಎಂಬ ಬಗೆಯ ಹಾಡಾದರೆ 12. ಆಮೇಲೆ ಅದೇ ಆವರ್ತದ ಮೇಲೆ ಒಬ್ಬೊಬ್ಬರೇ ಸೋಲೋ. ಕಲ್ಪನಾಸ್ವರ ಹಾಕಿ ಪಲ್ಲವಿಗೆ ಬಂದು ಸೇರುವ ಹಾಗೆ, ಕೊನೆಗೆ ಎಲ್ಲರೂ ಹೆಡ್‌ಗೆ ಮರಳುತ್ತಾರೆ. ನಡುವೆ ಡ್ರಮ್ಸಿನವರೂ ಉಳಿದವರೂ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಸವಾಲು ಜವಾಬು ನಡೆಸುತ್ತಾರೆ. ಅಮ್ಮ ಮೈಸೂರಿನಿಂದ ಬಂದಿದ್ದಾಗ ಇದನ್ನು ಕೇಳಿ ತೊಡೆಯ ಮೇಲೆ ತಾಳ ಹಾಕುತ್ತಾ, ‘ತನಿ ಆವರ್ತನ ಕಣೋ ಇದು. ಘಟ ಒಂದು ಇಲ್ಲ ಅಷ್ಟೇ’ ಅಂದರು. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ತನಿ ಶುರುವಾದರೆ ಕ್ಯಾಂಟೀನಿಗೆ ಏಳುವವರಿದ್ದಾರೆ, ಇಲ್ಲಿ ಏಳುವುದಿಲ್ಲ.

ಪ್ರತಿ ಸೋಲೋ ಮುಗಿದಾಗ ಚಪ್ಪಾಳೆ ತಟ್ಟುವುದು ರೂಢಿ, ಹಾಡು ಇನ್ನೂ ನಡೆಯುತ್ತಿದ್ದರೂ ಸರಿ. ಬೇಸ್ ಸೋಲೋ ಬಂದಾಗ ಉಳಿದ ವಾದ್ಯಗಳು ತಗ್ಗುತ್ತವೆ, ಆಗಲೇ ಜನ ಮಾತಿಗೆ ಶುರು ಹಚ್ಚಿಕೊಳ್ಳುತ್ತಾರೆ. ನೀವಾದರೂ ಹಾಗೆ ಮಾಡಬೇಡಿ. ಫೋನ್ ಎತ್ತಿ ಪೂರ್ತಿ ಹಾಡು ರೆಕಾರ್ಡ್ ಮಾಡುವುದೂ ಬೇಡ.

ಮಕ್ಕಳು, ಅಪ್ಪ ಅಮ್ಮ ಜತೆಗಿದ್ದರೆ

ರಾತ್ರಿ ಕ್ಲಬ್ಬು ಅವರಿಗೆ ಒಗ್ಗುವುದಿಲ್ಲ, ಕೆಲವು ಕಡೆ ಮಕ್ಕಳನ್ನು ಬಿಡುವುದೂ ಇಲ್ಲ. ಅವರಿಗೆ ಹಗಲಿನ ಕಾರ್ಯಕ್ರಮ ಹುಡುಕಿ: ಲೈಬ್ರರಿ, ಭಾನುವಾರದ ಬ್ರಂಚ್, ಬೇಸಿಗೆಯ ಪಾರ್ಕು. ಪ್ರೇರಿ ವಿಲೇಜ್ ಎಂಬ ಉಪನಗರದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬಯಲಲ್ಲಿ ಜಾಝ್ ಹಬ್ಬ ನಡೆಯುತ್ತದೆ. ಮಡಿಸುವ ಕುರ್ಚಿ, ಚಾಪೆ, ಡಬ್ಬಿಯಲ್ಲಿ ಚಕ್ಕುಲಿ. ಮಕ್ಕಳು ಹುಲ್ಲಿನ ಮೇಲೆ ಓಡಾಡಿದರೂ ಯಾರೂ ಗದರುವುದಿಲ್ಲ.

ರಾತ್ರಿ ಒಂದರ ಮೇಲೆ

ಇಷ್ಟೆಲ್ಲ ಆದ ಮೇಲೆ ಕೊನೆಯ ಹೆಜ್ಜೆ. ಇದು ಈ ಊರಿನಲ್ಲಿ ಮಾತ್ರ ಸಾಧ್ಯ.

ಹೈಲ್ಯಾಂಡ್ ಅವೆನ್ಯೂ ಎಂಬ ಸಣ್ಣ ಬೀದಿಯಲ್ಲಿ ಒಂದು ಎರಡಂತಸ್ತಿನ ಹಳೇ ಕಟ್ಟಡ ಇದೆ. ಮ್ಯೂಚುಯಲ್ ಮ್ಯುಸಿಷಿಯನ್ಸ್ ಫೌಂಡೇಶನ್. ಬಿಳಿಯರ ಸಂಘಕ್ಕೆ ಸೇರಿಸಿಕೊಳ್ಳದ ಕಾಲದಲ್ಲಿ, 1917ರಲ್ಲಿ, ಕರಿಯ ವಾದಕರು ಕಟ್ಟಿಕೊಂಡ ಲೋಕಲ್ 627 ಎಂಬ ಸಂಘದ ಮನೆ ಅದು. 1981ರಿಂದ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು. ಊರಿನ ಕ್ಲಬ್ಬುಗಳಲ್ಲಿ ಕೆಲಸ ಮುಗಿಸಿದ ವಾದಕರು ಶುಕ್ರವಾರ ಮತ್ತು ಶನಿವಾರ ರಾತ್ರಿ ಅಲ್ಲಿಗೆ ಬರುತ್ತಾರೆ. ಒಂದು ಗಂಟೆಯ ಹೊತ್ತಿಗೆ ಶುರುವಾದರೆ ಬೆಳಗಿನ ಜಾವದವರೆಗೆ. ರಾತ್ರಿಯಿಡೀ ತೆರೆದಿರಲು ಅವರಿಗೆ ವಿಶೇಷ ಅನುಮತಿ ಇದೆ.

ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ ಹೋಗಿ. ಆ ವಾರ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಒಬ್ಬರೇ ಹೋಗಬೇಡಿ, ಕುಡಿಯದ ಒಬ್ಬರು ಕಾರು ಓಡಿಸಲಿ. ಚಳಿಗಾಲವಾದರೆ ಕೋಟು, ಟೊಪ್ಪಿಗೆ, ಕೈಗವಸು ಮೂರೂ ಬೇಕು. ನಾನು ಮೊದಲ ಸಲ ಹೋದಾಗ ಗೋಡೆಯ ಮೇಲಿನ ಹಳೇ ಫೋಟೊಗಳನ್ನು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ನಮ್ಮ ಸೋಮವಾರದ ಬೇಸಿನವರು. ಸಂಜೆಯಿಂದ ಎರಡು ಕಡೆ ನುಡಿಸಿ, ಆ ಆಳೆತ್ತರದ ವಾದ್ಯ ಹೊತ್ತುಕೊಂಡು ಮೂರನೇ ಕಡೆಗೆ ಬಂದಿದ್ದರು. ‘ನೀವೂ ಸಿಕ್ಕಿಬಿದ್ದಿರಾ?’ ಅಂದರು.

ಅಂದಹಾಗೆ, ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕನ್ನಡ ತರಗತಿಗೆ ಬಿಡುವ ಸರದಿ ನಿಮ್ಮದಾಗಿದ್ದರೆ ಶುಕ್ರವಾರ ರಾತ್ರಿಯೇ ಹೋಗಿ.